ಒಂದನ್ನು ದಾಟಿದ ಧ್ರುವೀಕರಣ: ಮಂಗಳೂರಿನ ಒಂದು ಪೋಲಾರಿಮೀಟರಿನ ಪ್ರಕರಣ ಅಧ್ಯಯನ

ಬೆಳಕಿನ ಕಂಪನ ಅಡ್ಡಾದಿಡ್ಡಿಯಾಗಿರದೆ ಒಂದು ನಿಶ್ಚಿತ ಕ್ರಮದಲ್ಲಿರುವುದೇ ಧ್ರುವೀಕರಣ. ಒಂದು ಕಿರಣದಲ್ಲಿ ಎಷ್ಟು ಪಾಲು ಬೆಳಕು ಧ್ರುವೀಕರಣಗೊಂಡಿದೆ ಎಂಬುದನ್ನು ಸೊನ್ನೆಯಿಂದ ಒಂದರವರೆಗಿನ ಸಂಖ್ಯೆಯಲ್ಲಿ ಹೇಳುತ್ತೇವೆ. ಸೊನ್ನೆ ಎಂದರೆ ಏನೂ ಇಲ್ಲ, ಒಂದು ಎಂದರೆ ಪೂರ್ತಿ. ಒಂದಕ್ಕಿಂತ ಹೆಚ್ಚು ಬರಲು ಸಾಧ್ಯವಿಲ್ಲ. ಮಂಗಳೂರಿನ ಹೊರವಲಯದ ಒಂದು ಸ್ನಾತಕೋತ್ತರ ಪ್ರಯೋಗಾಲಯದಲ್ಲಿ ಕಟ್ಟಿದ ಪೋಲಾರಿಮೀಟರ್, ಅಂದರೆ ಧ್ರುವೀಕರಣವನ್ನು ಅಳೆಯುವ ಉಪಕರಣ, ಮಾತ್ರ 1.04 ತೋರಿಸುತ್ತಿತ್ತು. ಅಳತೆಯನ್ನು ಎಷ್ಟು ಸಲ ಮಾಡಿ ಸರಾಸರಿ ತೆಗೆದರೂ ಕೊನೆಯ ಅಂಕೆಗಳ ಅಲುಗಾಟ ಕಡಿಮೆಯಾಗುತ್ತಿತ್ತೇ ಹೊರತು 1.04 ಕದಲುತ್ತಿರಲಿಲ್ಲ.

ಈ ಪ್ರಕರಣವನ್ನು ವಿವರವಾಗಿ ಬರೆಯಲು ಕಾರಣವಿದೆ. ಅಲ್ಲಿದ್ದದ್ದು ಒಂದು ದೋಷವಲ್ಲ, ಐದಾರು ದೋಷಗಳು. ಅವುಗಳಲ್ಲಿ ಎರಡು ಒಂದನ್ನೊಂದು ಮರೆಮಾಡಿದ್ದವು. ಯಾವುದನ್ನು ಮೊದಲು ಸರಿಪಡಿಸಬೇಕು ಎಂಬ ಕ್ರಮ ತಪ್ಪಿದ್ದರೆ ಉಪಕರಣ ಸರಿಹೋದಂತೆ ಕಂಡು ತಪ್ಪು ಉತ್ತರವನ್ನೇ ಕೊಡುತ್ತಿತ್ತು.

ಉಪಕರಣ

ಬಗ್ಗಿಸಿದ ಅಕ್ರಿಲಿಕ್ ಪಟ್ಟಿಯ ಒಳಒತ್ತಡವನ್ನು ಬೆಳಕಿನಿಂದ ಅಳೆಯುವುದು ಪ್ರಾಜೆಕ್ಟಿನ ಗುರಿ. ಪಟ್ಟಿಯನ್ನು ಹಾಯ್ದು ಬಂದ ಬೆಳಕಿನ ಧ್ರುವೀಕರಣ ಹೇಗೆ ಬದಲಾಯಿತು ಎಂಬುದನ್ನು ಒಂದು ಡಿಗ್ರಿಯಷ್ಟು ನಿಖರವಾಗಿ ತಿಳಿಯಬೇಕಿತ್ತು. ಜೋಡಣೆ ಹೀಗಿದೆ: 632.8 ನ್ಯಾನೋಮೀಟರಿನ ಹೀಲಿಯಂ-ನಿಯಾನ್ ಲೇಸರ್, ಪೋಲರೈಸರ್, ಪಟ್ಟಿ ಇಡುವ ಜಾಗ, ತಿರುಗುವ ಕ್ವಾರ್ಟರ್ ವೇವ್‌ಪ್ಲೇಟ್, ಅಲುಗದ ಅನಲೈಸರ್, ಫೋಟೋಡಯೋಡ್. ಪೋಲರೈಸರ್ ಎಂದರೆ ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನು ಮಾತ್ರ ದಾಟಿಸುವ ಹಾಳೆ, ಅನಲೈಸರ್ ಎಂದರೆ ಡಯೋಡಿನ ಮುಂದಿರುವ ಅಂಥದೇ ಇನ್ನೊಂದು. ವೇವ್‌ಪ್ಲೇಟ್ ತನ್ನ ಎರಡು ಅಕ್ಷಗಳ ಬೆಳಕಿನ ನಡುವೆ ಹಂತ ವ್ಯತ್ಯಾಸ ಹುಟ್ಟಿಸುತ್ತದೆ. ಅದಕ್ಕೆ ರಿಟಾರ್ಡೆನ್ಸ್ ಎನ್ನುತ್ತಾರೆ, ಕ್ವಾರ್ಟರ್ ಪ್ಲೇಟಿನಲ್ಲಿ ಅದು 90 ಡಿಗ್ರಿ. ಫೋಟೋಡಯೋಡ್ ಬೆಳಕನ್ನು ಕರೆಂಟಾಗಿ ಬದಲಿಸುತ್ತದೆ. ವೇವ್‌ಪ್ಲೇಟನ್ನು ತಿರುಗಿಸಲು ಹೆಜ್ಜೆ ಹೆಜ್ಜೆಯಾಗಿ ತಿರುಗುವ 28ಬಿವೈಜೆ-48 ಸ್ಟೆಪರ್ ಮೋಟಾರ್ ಮತ್ತು ಒಂದಕ್ಕೊಂದು ಅನುಪಾತದ ಹಲ್ಲಿನ ಬೆಲ್ಟ್. ಡಯೋಡಿನ ಕರೆಂಟನ್ನು ವೋಲ್ಟೇಜಿಗೆ ಬದಲಿಸಲು 5 ವೋಲ್ಟಿನಲ್ಲಿ ನಡೆಯುವ ಎಲ್‌ಎಂ358 ಆಪ್-ಆಂಪ್, 100 ಕಿಲೋಓಮ್ ಫೀಡ್‌ಬ್ಯಾಕ್ ರೆಸಿಸ್ಟರ್. ಓದುವುದು ಆರ್ಡುಯಿನೊ ಎಂಬ ಸಣ್ಣ ನಿಯಂತ್ರಕ ಬೋರ್ಡು, ಅಂದರೆ 0ಯಿಂದ 1023ರವರೆಗಿನ ಎಣಿಕೆ.

ಅನಲೈಸರನ್ನು ಬಿಟ್ಟು ವೇವ್‌ಪ್ಲೇಟನ್ನೇ ತಿರುಗಿಸುವುದಕ್ಕೆ ಒಳ್ಳೆಯ ಕಾರಣವಿದೆ. ಡಯೋಡಿಗೆ ಬೀಳುವ ಬೆಳಕಿನ ಧ್ರುವೀಕರಣ ಯಾವಾಗಲೂ ಒಂದೇ ಆಗಿರುತ್ತದೆ. ಹಾಗಾಗಿ ಡಯೋಡು ಒಂದು ದಿಕ್ಕಿನ ಬೆಳಕಿಗೆ ಹೆಚ್ಚು, ಇನ್ನೊಂದಕ್ಕೆ ಕಡಿಮೆ ಸ್ಪಂದಿಸಿದರೂ ಅಳತೆ ಕೆಡುವುದಿಲ್ಲ. ಅನಲೈಸರನ್ನು ಮಾತ್ರ ತಿರುಗಿಸುವ ಸರಳ ಜೋಡಣೆಯಲ್ಲಿ ಈ ರಕ್ಷಣೆ ಇಲ್ಲ, ವೃತ್ತೀಯ ಧ್ರುವೀಕರಣವೂ ಸಿಗುವುದಿಲ್ಲ.

1852ರಲ್ಲಿ ಜಾರ್ಜ್ ಗೇಬ್ರಿಯಲ್ ಸ್ಟೋಕ್ಸ್ ತೋರಿಸಿಕೊಟ್ಟಂತೆ ಯಾವುದೇ ಬೆಳಕಿನ ಧ್ರುವೀಕರಣವನ್ನು ನಾಲ್ಕು ಸಂಖ್ಯೆಗಳಲ್ಲಿ ಹಿಡಿಯಬಹುದು. ಎಸ್0 ಒಟ್ಟು ಬೆಳಕು. ಎಸ್1 ಅಡ್ಡ ಮತ್ತು ಲಂಬ ದಿಕ್ಕುಗಳ ವ್ಯತ್ಯಾಸ. ಎಸ್2 ಎರಡು ಓರೆ ದಿಕ್ಕುಗಳ, ಅಂದರೆ 45 ಮತ್ತು 135 ಡಿಗ್ರಿಗಳ ವ್ಯತ್ಯಾಸ. ಎಸ್3 ಬಲಸುತ್ತು ಮತ್ತು ಎಡಸುತ್ತುಗಳ ವ್ಯತ್ಯಾಸ. ವೇವ್‌ಪ್ಲೇಟಿನ ಕೋನವನ್ನು ಕ ಎಂದರೆ ಡಯೋಡಿಗೆ ಬೀಳುವ ಬೆಳಕು:

½ × [ಎ + ಬಿ × ಸೈನ್(2ಕ) + ಸಿ × ಕಾಸ್(4ಕ) + ಡಿ × ಸೈನ್(4ಕ)]

ಎ, ಬಿ, ಸಿ, ಡಿಗಳು ಅಳತೆಯಿಂದ ಸಿಗುವ ಸಂಖ್ಯೆಗಳು. ಪ್ಲೇಟಿನ ರಿಟಾರ್ಡೆನ್ಸ್ ಸರಿಯಾಗಿ 90 ಡಿಗ್ರಿಯಾದರೆ ಲೆಕ್ಕ ಸುಲಭ: ಎಸ್0 = ಎ − ಸಿ, ಎಸ್1 = 2ಸಿ, ಎಸ್2 = 2ಡಿ, ಎಸ್3 = ಬಿ. ಪ್ರಯೋಗಾಲಯದ ಪ್ರೋಗ್ರಾಮಿನಲ್ಲಿ ಇದ್ದದ್ದು ಇದೇ ಸೂತ್ರ.

ಕಂಡ ಲಕ್ಷಣಗಳು

ಅಕ್ರಿಲಿಕ್ ಪಟ್ಟಿಯನ್ನು ತೆಗೆದು ಬರೀ ಪೋಲರೈಸರಿನ ಬೆಳಕನ್ನೇ ಅಳೆದಾಗ ಉತ್ತರ ಮೊದಲೇ ಗೊತ್ತಿರುತ್ತದೆ: ಧ್ರುವೀಕರಣ ಪ್ರಮಾಣ 1, ಎಸ್3 ಸೊನ್ನೆ. ಬಂದ ಫಲಿತಾಂಶ ಬೇರೆ. ಪೋಲರೈಸರ್ ಅಡ್ಡಕ್ಕಿದ್ದಾಗ 1.04, 45 ಡಿಗ್ರಿಗೆ ತಿರುಗಿಸಿದಾಗಲೂ 1.04, ಲಂಬವಾಗಿದ್ದಾಗ 1.00. ಎಸ್3 ಸೊನ್ನೆಯ ಆಚೀಚೆ 0.025ರಷ್ಟು ಓಲಾಡುತ್ತಿತ್ತು. ಎಲ್ಲಕ್ಕಿಂತ ವಿಚಿತ್ರವಾದದ್ದು ಧ್ರುವೀಕರಣದ ದಿಕ್ಕು. ಪೋಲರೈಸರನ್ನು ಯಾರೂ ಮುಟ್ಟದಿದ್ದರೂ ವೇವ್‌ಪ್ಲೇಟ್ ಒಂದು ಸುತ್ತು ಮುಗಿಸಿದಾಗಲೆಲ್ಲ ದಿಕ್ಕು ಸುಮಾರು 3.6 ಡಿಗ್ರಿ ಸರಿಯುತ್ತಿತ್ತು.

ಮೂರರಲ್ಲಿ ಎರಡು ಅಳತೆ 1.04 ಬಂದದ್ದರಿಂದ ಎಲ್ಲವನ್ನೂ 1.04ರಿಂದ ಭಾಗಿಸಿದರಾಯಿತು ಎಂಬ ಸಲಹೆ ಸಹಜವಾಗಿಯೇ ಬಂದಿತು. ಇದು ಅಪಾಯದ ದಾರಿ. ಭಾಗಿಸಿದರೆ ಲಂಬದ ಅಳತೆ 0.96ಕ್ಕೆ ಇಳಿಯುತ್ತದೆ. ಧ್ರುವೀಕರಣದ ದಿಕ್ಕಿನೊಂದಿಗೆ ಬದಲಾಗುವ ದೋಷವನ್ನು ಒಂದೇ ಗುಣಕದಿಂದ ತಿದ್ದಲಾಗದು.

ಇರಬಾರದ ಹಾರ್ಮೋನಿಕ್‌ಗಳು

ಮೇಲಿನ ಸೂತ್ರದಲ್ಲಿ ಇಲ್ಲದ್ದು ಯಾವುದು ಎಂದು ನೋಡಿದರೆ ರೋಗ ಪತ್ತೆಯ ದಾರಿ ಸಿಗುತ್ತದೆ. ಒಂದು ಸುತ್ತಿನಲ್ಲಿ ಬೆಳಕು ಎರಡು ಬಾರಿ ಮತ್ತು ನಾಲ್ಕು ಬಾರಿ ಏರಿಳಿಯಬಹುದು. ಒಂದು ಬಾರಿ, ಮೂರು ಬಾರಿ, ಆರು ಬಾರಿ, ಎಂಟು ಬಾರಿ ಏರಿಳಿಯುವ ಅಂಶಗಳು, ಅಂದರೆ ಒಂದನೆಯ, ಮೂರನೆಯ, ಆರನೆಯ, ಎಂಟನೆಯ ಹಾರ್ಮೋನಿಕ್‌ಗಳು, ಇರಲೇಬಾರದು. ಇದ್ದರೆ ಅವು ಬೆಳಕಿನವಲ್ಲ, ಉಪಕರಣದವು. ಸುತ್ತನ್ನು 64 ಸಮಭಾಗ ಮಾಡಿ, ಪ್ರತಿ ನಿಲುಗಡೆಯ ಓದನ್ನು ಫೂರಿಯೆ ವಿಶ್ಲೇಷಣೆಗೆ ಒಳಪಡಿಸಿದರೆ ಈ ಅಂಶಗಳೆಲ್ಲ ಒಂದೊಂದಾಗಿ ಹೊರಬರುತ್ತವೆ. 72ರ ಬದಲು 64 ಭಾಗ ಮಾಡಿದ್ದಕ್ಕೆ ಕಾರಣ ಮೋಟಾರಿನದು: ನಾಮಾಂಕಿತ 2048 ಸ್ಟೆಪ್‌ಗಳು 64ರಿಂದ ಶೇಷವಿಲ್ಲದೆ ಭಾಗವಾಗುತ್ತವೆ, 72ರಿಂದ ಆಗುವುದಿಲ್ಲ.

ಒಂದನೆಯ ಹಾರ್ಮೋನಿಕ್ ಕಂಡರೆ ಪ್ಲೇಟು ತಿರುಗುವಾಗ ಕಿರಣವೂ ಸುತ್ತುತ್ತಿದೆ ಎಂದರ್ಥ, ಇಲ್ಲವೇ ಪ್ಲೇಟಿನ ಒಂದು ಬದಿಯಲ್ಲಿ ಕಲೆ ಇದೆ. ಆರನೆಯದು ಕಂಡರೆ ತಿರುಗುವ ಅಕ್ಷ ಕಿರಣಕ್ಕೆ ಓರೆಯಾಗಿದೆ. ಪ್ಲೇಟಿನ ರಿಟಾರ್ಡೆನ್ಸ್ ಸುತ್ತಿಗೆ ಎರಡು ಬಾರಿ ಹೆಚ್ಚುಕಡಿಮೆಯಾಗಿ ನಾಲ್ಕನೆಯ ಹಾರ್ಮೋನಿಕ್‌ನೊಂದಿಗೆ ಬೆರೆತು ಎರಡನೆಯ ಮತ್ತು ಆರನೆಯ ಅಂಶಗಳನ್ನು ಹುಟ್ಟಿಸುತ್ತದೆ. ಎಂಟನೆಯದು ಕಂಡರೆ ಬೆಳಕಿಗೂ ವೋಲ್ಟೇಜಿಗೂ ಇರುವ ಸಂಬಂಧ ನೇರವಾಗಿಲ್ಲ.

ಈ ಉಪಕರಣದಲ್ಲಿ ಎಂಟನೆಯದು ಸರಾಸರಿ ಬೆಳಕಿನ ಶೇ. 1.2ರಷ್ಟಿತ್ತು, ಒಂದನೆಯದು ಅದರ ಅರ್ಧದಷ್ಟು. ಆರನೆಯದು ಇಲ್ಲವೆನ್ನುವಷ್ಟು ಸಣ್ಣದು.

ಮೊದಲು ಕೋನ

ಬೇರೆಲ್ಲ ದೋಷಗಳನ್ನು ಕೋನದ ಮೂಲಕವೇ ನೋಡಬೇಕಾದ್ದರಿಂದ ಕೋನವನ್ನು ಮೊದಲು ನಂಬುವಂತೆ ಮಾಡಬೇಕು. ಸುತ್ತಿಗೆ 3.6 ಡಿಗ್ರಿ ಸರಿಯುವ ದಿಕ್ಕಿಗೆ ಕಾರಣ ಮೋಟಾರಿನ ಗೇರ್. 28ಬಿವೈಜೆ-48ನ ಗೇರ್ ಅನುಪಾತ 64 ಎಂದು ಬರೆದಿರುತ್ತದೆ, ಆದರೆ ಅನೇಕ ಮೋಟಾರುಗಳಲ್ಲಿ ಹಲ್ಲುಗಳನ್ನು ಎಣಿಸಿ ಗುಣಿಸಿದರೆ ಸಿಗುವುದು 63.684. ಹಾಗಾಗಿ 2048 ಸ್ಟೆಪ್ ನಡೆದಾಗ ಆಗುವುದು 360 ಡಿಗ್ರಿಯಲ್ಲ, ಸುಮಾರು 361.8 ಡಿಗ್ರಿ. ಒಂದು ಸುತ್ತಿನ ನಂತರ ವೇವ್‌ಪ್ಲೇಟಿನ ಸೊನ್ನೆ 1.8 ಡಿಗ್ರಿ ಮುಂದೆ ಹೋಗಿರುತ್ತದೆ. ಸಿ ಮತ್ತು ಡಿ ಅಂಶಗಳಲ್ಲಿ ಈ ತಪ್ಪು ನಾಲ್ಕು ಪಟ್ಟಾಗಿ ಸೇರುತ್ತದೆ. ಧ್ರುವೀಕರಣದ ದಿಕ್ಕು ಎಸ್1-ಎಸ್2 ಕೋನದ ಅರ್ಧವಾದ್ದರಿಂದ ಕೊನೆಗೆ ಎರಡು ಪಟ್ಟು ಉಳಿಯುತ್ತದೆ. 1.8ರ ಎರಡು ಪಟ್ಟು 3.6. ಲಕ್ಷಣ ಮತ್ತು ಕಾರಣ ಸಂಖ್ಯೆಯಲ್ಲೇ ಕೂಡಿಬಂದದ್ದರಿಂದ ಬೇರೆ ಸಂಶಯಕ್ಕೆ ಎಡೆ ಉಳಿಯಲಿಲ್ಲ.

ಸ್ಟೆಪ್ ಎಣಿಕೆಯಲ್ಲಿ ನಿಜವಾದ ಅನುಪಾತವನ್ನು ಹಾಕಿದರೆ ಅರ್ಧ ಪರಿಹಾರ. ಉಳಿದರ್ಧಕ್ಕೆ ತಿರುಗುವ ಚೌಕಟ್ಟಿನ ಅಂಚಿಗೆ ಒಂದು ಸಣ್ಣ ತಗಡಿನ ನಾಲಗೆ, ಅದು ಹಾದುಹೋಗುವಲ್ಲಿ ಬೆಳಕು ತಡೆಯಾದಾಗ ಸಂಕೇತ ಕೊಡುವ ಒಂದು ಆಪ್ಟೋ-ಇಂಟರಪ್ಟರ್. ಪ್ರತಿ ಸುತ್ತೂ ಅಲ್ಲಿಂದಲೇ ಎಣಿಕೆ ಶುರು. ಗೇರುಗಳ ನಡುವಿನ ಸಡಿಲ ಈ ಅಗ್ಗದ ಮೋಟಾರುಗಳಲ್ಲಿ ಬಹಳ. ಹಾಗಾಗಿ ಯಾವಾಗಲೂ ಒಂದೇ ದಿಕ್ಕಿನಲ್ಲಿ ತಿರುಗಿಸಬೇಕು. ಮುಂದಕ್ಕೊಮ್ಮೆ ಹಿಂದಕ್ಕೊಮ್ಮೆ ಅಳೆದು ಸರಾಸರಿ ತೆಗೆದರೆ ಲೇಸರಿನ ಡ್ರಿಫ್ಟ್, ಅಂದರೆ ಬೆಳಕಿನ ನಿಧಾನದ ಏರಿಳಿತ, ರದ್ದಾಗುತ್ತದೆ ಎಂಬುದು ನಿಜ, ಆದರೆ ಈ ಮೋಟಾರಿನಲ್ಲಿ ಹಾಗೆ ಮಾಡಿದರೆ ಡ್ರಿಫ್ಟಿನ ಜಾಗಕ್ಕೆ ಗೇರಿನ ಸಡಿಲ ಬಂದು ಕೂರುತ್ತದೆ. ಡ್ರಿಫ್ಟಿಗೆ ಬೇರೆ ಉಪಾಯ ಹುಡುಕುವುದೇ ಮೇಲು.

ಆಮೇಲೆ ಸೊನ್ನೆಯನ್ನು ಗೊತ್ತುಮಾಡುವುದು. ಚೌಕಟ್ಟಿನ ಮೇಲೆ ಅಚ್ಚಾದ ಗೆರೆಯನ್ನು ನಂಬಬಾರದು. ಪೋಲರೈಸರಿನೊಳಗಿನ ಪೋಲರಾಯ್ಡ್ ಹಾಳೆಯನ್ನು ಅಂಟಿಸುವಾಗಲೇ ಒಂದೆರಡು ಡಿಗ್ರಿ ಓರೆಯಾಗಿರಬಹುದು. ಪೋಲರೈಸರ್ ಮತ್ತು ಅನಲೈಸರನ್ನು ಕತ್ತಲೆ ಬರುವಂತೆ ಅಡ್ಡಹಾಕಿ. ಪೋಲರೈಸರನ್ನು ಅದರ ಚೌಕಟ್ಟಿನ ಸಮೇತ ಲಂಬ ಅಕ್ಷದ ಸುತ್ತ ಅರ್ಧ ಸುತ್ತು ತಿರುಗಿಸಿ, ಬೆನ್ನು ಮುಂದಾಗುವಂತೆ ಇಡಿ. ಅಕ್ಷ ಲಂಬದಿಂದ ಬಲಕ್ಕೆ ಓರೆಯಾಗಿದ್ದರೆ ಈಗ ಅಷ್ಟೇ ಎಡಕ್ಕೆ ಓರೆಯಾಗುತ್ತದೆ. ಅನಲೈಸರನ್ನು ಮತ್ತೆ ಕತ್ತಲೆಗೆ ತಂದು, ಎರಡು ಓದುಗಳ ಸರಿಯಾದ ನಡುವೆ ನಿಲ್ಲಿಸಿ. ಅನಲೈಸರ್ ಈಗ ನಿಜವಾಗಿಯೂ ಅಡ್ಡಕ್ಕಿದೆ. ಮತ್ತೆ ಕತ್ತಲೆ ಬರುವಂತೆ ಪೋಲರೈಸರನ್ನು ತಿರುಗಿಸಿದರೆ ಲಂಬವೂ ಸಿಕ್ಕಿತು.

ವೇವ್‌ಪ್ಲೇಟಿನ ಅಕ್ಷವನ್ನು ಹುಡುಕುವಾಗ ಹೆಚ್ಚಿನವರು ಎಡವುವುದು ಕತ್ತಲೆಯ ತಳದಲ್ಲಿ. ಅಡ್ಡಹಾಕಿದ ಪೋಲರೈಸರುಗಳ ನಡುವೆ ಪ್ಲೇಟನ್ನಿಟ್ಟು ತಿರುಗಿಸಿದರೆ ಅದರ ಅಕ್ಷ ಹೊಂದಿದಾಗ ಕತ್ತಲೆಯಾಗುತ್ತದೆ, ಆದರೆ ಆ ತಳ ಬಹಳ ಚಪ್ಪಟೆ. ಅಕ್ಷ ಒಂದು ಡಿಗ್ರಿ ತಪ್ಪಿದರೂ ಒಳಬಂದ ಬೆಳಕಿನ ಹತ್ತು ಸಾವಿರದಲ್ಲಿ ಆರು ಪಾಲು ಮಾತ್ರ ದಾಟುತ್ತದೆ. ಕಣ್ಣಿಗಾಗಲಿ ಹತ್ತು ಬಿಟ್ಟಿನ ಆರ್ಡುಯಿನೊಗಾಗಲಿ ಅದು ಕಾಣದು. ತಳವನ್ನು ಹುಡುಕುವ ಬದಲು ಆಚೆ ಹತ್ತು ಡಿಗ್ರಿ, ಈಚೆ ಹತ್ತು ಡಿಗ್ರಿಯ ಸುಮಾರಿಗೆ ಸಮನಾದ ಬೆಳಕು ಬರುವ ಎರಡು ಕೋನಗಳನ್ನು ಗುರುತಿಸಿ ಅವುಗಳ ಮಧ್ಯವನ್ನು ತೆಗೆದುಕೊಳ್ಳಬೇಕು. ಅಲ್ಲಿ ಒಂದು ಡಿಗ್ರಿಗೆ ಬೆಳಕು ಶೇ. 19ರಷ್ಟು ಬದಲಾಗುತ್ತದೆ. ಡಿಗ್ರಿಯ ಹತ್ತನೇ ಒಂದು ಭಾಗವೂ ಶೇ. 2ರಷ್ಟು ವ್ಯತ್ಯಾಸವಾಗಿ ಕಾಣುತ್ತದೆ.

ಇಲ್ಲೊಂದು ಎಚ್ಚರಿಕೆ. ಪ್ಲೇಟು 90 ಡಿಗ್ರಿ ತಪ್ಪಿ ಕುಳಿತರೂ ಕತ್ತಲೆ ಹಾಗೆಯೇ ಬರುತ್ತದೆ, ಸಿ ಮತ್ತು ಡಿ ಕೂಡ ಬದಲಾಗುವುದಿಲ್ಲ. ಎಸ್3ನ ಚಿಹ್ನೆ ಮಾತ್ರ ಉಲ್ಟಾ ಆಗುತ್ತದೆ. ಸುತ್ತುವ ದಿಕ್ಕು ಮೊದಲೇ ಗೊತ್ತಿರುವ ವೃತ್ತೀಯ ಬೆಳಕಿನಿಂದ ಒಮ್ಮೆ ಪರೀಕ್ಷಿಸದೆ ಚಿಹ್ನೆಯನ್ನು ಬರೆಯಬಾರದು.

ಬಳಿಕ ಡಯೋಡು

ಎಂಟನೆಯ ಹಾರ್ಮೋನಿಕ್‌ನ ಮೂಲ ಕಚ್ಚಾ ಓದುಗಳ ಪಟ್ಟಿಯಲ್ಲೇ ಇತ್ತು, ಯಾರೂ ಸಂಖ್ಯೆಗಳನ್ನು ಸಾಲಾಗಿ ನೋಡಿರಲಿಲ್ಲ ಅಷ್ಟೆ. ಪೋಲರೈಸರ್ ಅಡ್ಡಕ್ಕಿದ್ದಾಗ ಬೆಳಕು ತುದಿಗೇರುವ ನಾಲ್ಕೂ ಕಡೆ ಅಕ್ಕಪಕ್ಕದ ಮೂರು ನಿಲುಗಡೆಗಳಲ್ಲಿ ಒಂದೇ ಓದು: 716, 716, 716. ಮುಂದಿನ ತುದಿಯಲ್ಲೂ ಅದೇ 716. ವೋಲ್ಟಿಗೆ ಬದಲಿಸಿದರೆ 3.5. ಎಲ್‌ಎಂ358ಗೆ 5 ವೋಲ್ಟ್ ಕೊಟ್ಟರೆ ಅದರ ಔಟ್‌ಪುಟ್ 5ರವರೆಗೆ ಏರುವುದಿಲ್ಲ, ಸುಮಾರು ಒಂದೂವರೆ ವೋಲ್ಟ್ ಕೆಳಗೇ ನಿಲ್ಲುತ್ತದೆ. ಬೆಳಕಿನ ತುದಿ 3.65 ವೋಲ್ಟಿಗೆ ಏರಬೇಕಿತ್ತು, 3.5ರಲ್ಲಿ ಕತ್ತರಿಸಿಹೋಗುತ್ತಿತ್ತು. ಆರ್ಡುಯಿನೊದ 1023ರ ಮಿತಿ ಇನ್ನೂ ದೂರವಿದ್ದುದರಿಂದ ಯಾರಿಗೂ ಅನುಮಾನ ಬಂದಿರಲಿಲ್ಲ.

ಫೀಡ್‌ಬ್ಯಾಕ್ ರೆಸಿಸ್ಟರನ್ನು 68 ಕಿಲೋಓಮಿಗೆ ಇಳಿಸಿದಾಗ ತುದಿ 2.5 ವೋಲ್ಟಿನೊಳಗೆ ಬಂದಿತು, ಎಂಟನೆಯ ಹಾರ್ಮೋನಿಕ್ ಮಾಯವಾಯಿತು. ಆದರೆ ಅಡ್ಡ ದಿಕ್ಕಿನ ಧ್ರುವೀಕರಣ ಪ್ರಮಾಣ 1.04ರಿಂದ 1.09ಕ್ಕೆ ಏರಿತು!

ದೋಷ ತಿದ್ದಿದಾಗ ಉತ್ತರ ಇನ್ನಷ್ಟು ಕೆಟ್ಟರೆ ತಿದ್ದಿದ್ದೇ ತಪ್ಪು ಎಂದು ಹಳೆಯ ರೆಸಿಸ್ಟರಿಗೆ ಮರಳುವ ಆಸೆಯಾಗುತ್ತದೆ. ಮರಳಬಾರದು. ಕತ್ತರಿಸಿದ ತುದಿ ಸಿ ಅಂಶವನ್ನು ಕುಗ್ಗಿಸಿ ಬೇರೊಂದು ದೋಷದ ಅರ್ಧವನ್ನು ಮುಚ್ಚಿಟ್ಟಿತ್ತು. ಅಡ್ಡ ಮತ್ತು ಓರೆ ದಿಕ್ಕುಗಳೆರಡರಲ್ಲೂ 1.04 ಬಂದದ್ದು ಕಾಕತಾಳೀಯ. ಈಗ ಕಂಡ 1.09, 1.04, 1.00 ಎಂಬ ಸಾಲಿಗೆ ಒಂದು ಕ್ರಮವಿದೆ, ಆ ಕ್ರಮಕ್ಕೆ ಒಂದೇ ಕಾರಣವಿದೆ.

ನೇರತೆಯನ್ನು ಪರೀಕ್ಷಿಸಲು ಎರಡು ಪೋಲರೈಸರುಗಳನ್ನು ದಾಟುವ ಬೆಳಕು ಅವುಗಳ ನಡುವಿನ ಕೋನದ ಕೊಸೈನ್ ವರ್ಗದಂತೆ ಬದಲಾಗುತ್ತದೆ ಎಂಬ ನಿಯಮವನ್ನು ಬಳಸುವುದು ರೂಢಿ. ಧ್ರುವೀಕರಣದ ಉಪಕರಣವನ್ನು ಧ್ರುವೀಕರಣದಿಂದಲೇ ಪರೀಕ್ಷಿಸಿದರೆ ಎರಡು ತಪ್ಪುಗಳು ಬೆರೆತುಹೋಗುತ್ತವೆ. ಎರಡು ಎಲ್‌ಇಡಿಗಳ ಪರೀಕ್ಷೆ ಇದಕ್ಕಿಂತ ಶುದ್ಧ. ಮೊದಲನೆಯದನ್ನು ಮಾತ್ರ ಹಚ್ಚಿ ಓದಿ, ಎರಡನೆಯದನ್ನು ಮಾತ್ರ ಹಚ್ಚಿ ಓದಿ, ಎರಡನ್ನೂ ಹಚ್ಚಿ ಓದಿ. ಕತ್ತಲೆಯ ಓದನ್ನು ಮೂರರಿಂದಲೂ ಕಳೆದ ಮೇಲೆ ಮೊದಲೆರಡರ ಮೊತ್ತ ಮೂರನೆಯದಕ್ಕೆ ಸಮನಾಗಬೇಕು. ಆಗದಿದ್ದರೆ ಡಯೋಡು, ಆಪ್-ಆಂಪ್, ಎಣಿಕೆಯ ಚಿಪ್ ಈ ಮೂರರಲ್ಲೊಂದು ಬಾಗಿದೆ.

ಒಂದನೆಯ ಹಾರ್ಮೋನಿಕ್ ಸುಲಭದಲ್ಲಿ ಹೋಯಿತು. ಪ್ಲೇಟಿನ ಎರಡು ಮುಖಗಳು ಒಂದು ಆರ್ಕ್ ಮಿನಿಟಿನಷ್ಟು ಬೆಣೆಯಾಗಿದ್ದರೆ ಕಿರಣ 30 ಸೆಂಟಿಮೀಟರ್ ದೂರದಲ್ಲಿ ಸುಮಾರು 0.04 ಮಿಲಿಮೀಟರ್ ತ್ರಿಜ್ಯದ ವೃತ್ತ ಬರೆಯುತ್ತದೆ. ಸಣ್ಣ ವೃತ್ತವೇ, ಆದರೆ ಕಿರಣ ಡಯೋಡಿನ ಅಂಚಿಗೆ ಬಿದ್ದಿತ್ತು. ಕಿರಣವನ್ನು ಡಯೋಡಿನ ನಡುವಿಗೆ ತಂದು, ಅನಲೈಸರ್ ಮತ್ತು ಡಯೋಡಿನ ನಡುವೆ ಉಜ್ಜಿದ ಗಾಜಿನ ಸಣ್ಣ ತುಂಡೊಂದನ್ನು ಇಟ್ಟಮೇಲೆ ಅದು ಗದ್ದಲದ, ಅಂದರೆ ಓದಿನಲ್ಲಿ ಸದಾ ಇರುವ ಅಲುಗಾಟದ, ಮಟ್ಟಕ್ಕೆ ಇಳಿಯಿತು. ಉಜ್ಜಿದ ಗಾಜು ಅನಲೈಸರಿನ ನಂತರವೇ ಇರಬೇಕು. ಮೊದಲು ಇಟ್ಟರೆ ಅಳೆಯಬೇಕಾದ ಧ್ರುವೀಕರಣವನ್ನೇ ಅದು ಕೆಡಿಸುತ್ತದೆ.

ಹಾಗೆಯೇ ಹೊರಬೆಳಕು. ಮೆಯಿನ್ಸ್ 50 ಹರ್ಟ್ಸ್ ಆದ್ದರಿಂದ ಟ್ಯೂಬ್‌ಲೈಟು ಸೆಕೆಂಡಿಗೆ ನೂರು ಬಾರಿ ಮಿಣುಕುತ್ತದೆ. ಪ್ರತಿ ನಿಲುಗಡೆಯಲ್ಲೂ ಸರಿಯಾಗಿ 100 ಮಿಲಿಸೆಕೆಂಡಿನ ಓದುಗಳನ್ನು ಸರಾಸರಿ ಮಾಡಿದರೆ ಹತ್ತು ಪೂರ್ಣ ಮಿಣುಕುಗಳು ಅದರೊಳಗೆ ಬಂದು ಏರಿಳಿತ ರದ್ದಾಗುತ್ತದೆ. ಉಳಿಯುವ ಸ್ಥಿರ ಬೆಳಕಿಗೆ ಕಪ್ಪು ಪೆಟ್ಟಿಗೆ ಮತ್ತು ಪ್ರತಿ ಸುತ್ತಿನ ಕೊನೆಯಲ್ಲೂ ಲೇಸರ್ ಮುಚ್ಚಿ ತೆಗೆದ ಕತ್ತಲೆಯ ಓದು. ದಿನದ ಆರಂಭದಲ್ಲಿ ಒಮ್ಮೆ ತೆಗೆದ ಕತ್ತಲೆಯ ಓದು ಸಂಜೆಗೆ ನಡೆಯುವುದಿಲ್ಲ.

ಲೇಸರಿನ ಓಲಾಟ ಮತ್ತು ಕರಾವಳಿಯ ತೇವ

ಈ ಲೇಸರ್ ಪದವಿ ತರಗತಿಯ ಪ್ರಯೋಗಾಲಯದಿಂದ ತಂದದ್ದು, ಧ್ರುವೀಕರಣವನ್ನು ಕಟ್ಟಿಹಾಕದ ಸಾಮಾನ್ಯ ಕೊಳವೆ. ಇಂಥ ಕೊಳವೆಯ ಬೆಳಕು ಧ್ರುವೀಕರಣವಿಲ್ಲದ್ದು ಎಂದು ಭಾವಿಸುವುದು ತಪ್ಪು. ಅದರಲ್ಲಿ ಪರಸ್ಪರ ಲಂಬವಾಗಿ ಧ್ರುವೀಕರಣಗೊಂಡ ಮೋಡ್‌ಗಳು, ಅಂದರೆ ತುಸುವೇ ಬೇರೆ ಆವರ್ತನದ ಬೆಳಕುಗಳು, ಇರುತ್ತವೆ. ಕೊಳವೆ ಬಿಸಿಯಾಗಿ ಉದ್ದವಾಗುತ್ತಿದ್ದಂತೆ ಶಕ್ತಿ ಒಂದರಿಂದ ಇನ್ನೊಂದಕ್ಕೆ ಹೋಗಿ ಬರುತ್ತದೆ. ಒಟ್ಟು ಬೆಳಕು ಹೆಚ್ಚುಕಡಿಮೆ ಒಂದೇ ಇದ್ದರೂ ಪೋಲರೈಸರಿನ ಆಚೆ ಅದು ಏರಿಳಿಯುತ್ತದೆ. ಹಚ್ಚಿದ ಹೊಸತರಲ್ಲಿ ಈ ಏರಿಳಿತ ಬೇಗಬೇಗ, ಬಿಸಿಯಾದ ಮೇಲೆ ನಿಧಾನ.

ಇದು ಎಸ್3ಗೆ ಹೇಗೆ ಸೇರುತ್ತದೆ ಎಂಬುದನ್ನು ಲೆಕ್ಕ ಹಾಕಬಹುದು. ಒಂದು ಸುತ್ತಿನ ಅವಧಿಯಲ್ಲಿ ಬೆಳಕು ಒಂದೇ ಸಮನೆ ಶೇ. 10 ಬದಲಾದರೆ ಆ ಇಳಿಜಾರಿನ ಫೂರಿಯೆ ಅಂಶಗಳಲ್ಲಿ ಸೈನ್(2ಕ)ನ ಪಾಲು ಸರಾಸರಿಯ 0.016. ಪೋಲರೈಸರ್ ಅಡ್ಡಕ್ಕಿದ್ದಾಗ ಎ ಅಂಶ ಎಸ್0ನ ಸುಮಾರು ಒಂದೂವರೆ ಪಟ್ಟು ಇರುವುದರಿಂದ ಇಲ್ಲದ ಎಸ್3 ಸುಮಾರು 0.024 ಎಂದು ಕಾಣುತ್ತದೆ. ಕಂಡಿದ್ದ 0.025ರ ಓಲಾಟಕ್ಕೆ ಇಷ್ಟು ಸಾಕು. ಬೆಳಕು ಏರುವಾಗ ಒಂದು ಚಿಹ್ನೆ, ಇಳಿಯುವಾಗ ಇನ್ನೊಂದು. ಸರಾಸರಿ ತೆಗೆದಾಗ ಅಲುಗಾಟ ತಗ್ಗುತ್ತಿದ್ದುದೂ ಇದರಿಂದಲೇ.

ಪರಿಹಾರ ಮೂರು ಹಂತದ್ದು. ಲೇಸರನ್ನು ಮುಕ್ಕಾಲು ಗಂಟೆ ಮೊದಲೇ ಹಚ್ಚುವುದು. ಕೊಳವೆಯನ್ನು ಅದರ ಅಕ್ಷದ ಮೇಲೆ ತಿರುಗಿಸಿ ಎರಡು ಮೋಡ್‌ಗಳೂ ಅಡ್ಡ ದಿಕ್ಕಿಗೆ 45 ಡಿಗ್ರಿಯಾಗುವಂತೆ ನಿಲ್ಲಿಸುವುದು; ಆಗ ಪೋಲರೈಸರ್ ಎರಡರಿಂದಲೂ ಸಮಪಾಲು ತೆಗೆದುಕೊಂಡು ಏರಿಳಿತ ತಾನೇ ತಗ್ಗುತ್ತದೆ. ಸರಿಯಾದ ಸ್ಥಾನ ಹುಡುಕಲು ಪೋಲರೈಸರಿನ ಹಿಂದೆ ಡಯೋಡಿಟ್ಟು, ಕೊಳವೆಯನ್ನು ಸ್ವಲ್ಪ ಸ್ವಲ್ಪ ತಿರುಗಿಸುತ್ತ ಓಲಾಟ ಅತಿ ಕಡಿಮೆ ಇರುವ ಜಾಗವನ್ನು ನೋಡಬೇಕು. ಕೊನೆಯದಾಗಿ ಲೇಸರಿನ ಮುಂದೆ ಇನ್ನೊಂದು ಪೋಲರೈಸರನ್ನು ಸೇರಿಸಿ, ಎರಡು ಪೋಲರೈಸರುಗಳ ನಡುವೆ ಒಂದು ಗಾಜಿನ ತುಣುಕಿಟ್ಟು, ಅದರಿಂದ ಪ್ರತಿಫಲಿಸಿದ ಬೆಳಕನ್ನು ಎರಡನೆಯ ಡಯೋಡಿನಲ್ಲಿ ಓದಿ, ಮುಖ್ಯ ಓದನ್ನು ಅದರಿಂದ ಭಾಗಿಸುವುದು. ಗಾಜನ್ನು ಎರಡನೆಯ ಪೋಲರೈಸರಿನ ಆಚೆ ಇಡಬಾರದು, ಓರೆ ಗಾಜು ತಾನೇ ಧ್ರುವೀಕರಣವನ್ನು ಬದಲಿಸುತ್ತದೆ.

ಮಳೆಗಾಲದಲ್ಲಿ ಮಾತ್ರ ಕಾಣಿಸುತ್ತಿದ್ದ ಇನ್ನೊಂದು ಓಲಾಟವಿತ್ತು. ಬೆಳಿಗ್ಗೆ ಬಾಗಿಲು ತೆರೆದು ಕೆಲಸ ಶುರುಮಾಡಿದಾಗ ಬೆಳಕು ಕಡಿಮೆಯಿದ್ದು ನಿಧಾನಕ್ಕೆ ಏರುತ್ತಿತ್ತು. ಜುಲೈ ತಿಂಗಳ ಮಂಗಳೂರಿನ ಗಾಳಿಯ ಇಬ್ಬನಿ ಬಿಂದು 24 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸು. ಎಸಿಯನ್ನು 21ಕ್ಕೆ ಇಟ್ಟ ಕೋಣೆಯಲ್ಲಿ ರಾತ್ರಿಯೆಲ್ಲ ತಣಿದ ಗಾಜಿಗೆ ಹೊರಗಾಳಿ ತಗಲಿದರೆ ಮಂಜು ಕಟ್ಟಲೇಬೇಕು. ಅದು ಆರುತ್ತ ಹೋದಂತೆ ಬೆಳಕು ಏರುತ್ತದೆ, ಆ ಏರಿಕೆ ಮೇಲೆ ಹೇಳಿದ ದಾರಿಯಲ್ಲೇ ಎಸ್3ಗೆ ಸೇರುತ್ತದೆ. ಎಸಿಯನ್ನು 26ಕ್ಕೆ ಏರಿಸಿದ್ದೇ ಇದಕ್ಕೆ ಮದ್ದು. ಬಳಸದ ಪ್ಲೇಟು, ಪೋಲರೈಸರುಗಳನ್ನು ಸಿಲಿಕಾ ಜೆಲ್ ಇಟ್ಟ ಗಾಳಿಯಾಡದ ಡಬ್ಬಿಯಲ್ಲಿಡಬೇಕು, ನೀಲಿ ಹರಳು ಗುಲಾಬಿಗೆ ತಿರುಗಿದರೆ ಒಲೆಯಲ್ಲಿ ಒಣಗಿಸಬೇಕು. ಕರಾವಳಿಯಲ್ಲಿ ಇದನ್ನು ಅಸಡ್ಡೆ ಮಾಡಿದರೆ ಲೆನ್ಸಿಗೆ ಫಂಗಸ್ ಹಿಡಿಯುತ್ತದೆ, ಪೋಲರಾಯ್ಡ್ ಹಾಳೆ ತೇವ ಮತ್ತು ಶಾಖಕ್ಕೆ ಬಣ್ಣಗೆಡುತ್ತದೆ. ಗಾಜಿನ ಪ್ಲೇಟನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಬಹುದು. ಪೋಲರಾಯ್ಡ್ ಹಾಳೆಗೆ ಅಸಿಟೋನ್ ತಾಗಿಸಲೇಬಾರದು.

ಕೊನೆಗೆ ವೇವ್‌ಪ್ಲೇಟ್

1.09, 1.04, 1.00ಕ್ಕೆ ಬರೋಣ. ಪ್ಲೇಟಿನ ರಿಟಾರ್ಡೆನ್ಸ್, ಅಂದರೆ ಎರಡು ಅಕ್ಷಗಳ ಬೆಳಕಿನ ನಡುವೆ ಅದು ಹುಟ್ಟಿಸುವ ಹಂತ ವ್ಯತ್ಯಾಸ, 90 ಡಿಗ್ರಿ ಇರದಿದ್ದರೆ ಸರಳ ಸೂತ್ರದ ಎಸ್0ಗೆ ಎಸ್1ನ ಒಂದು ಪಾಲು ಸೇರಿಕೊಳ್ಳುತ್ತದೆ. ಆ ಪಾಲು ರಿಟಾರ್ಡೆನ್ಸಿನ ಕೊಸೈನ್. ರಿಟಾರ್ಡೆನ್ಸ್ 90ಕ್ಕಿಂತ ಹೆಚ್ಚಿದ್ದರೆ ಕೊಸೈನ್ ಋಣ. ಅಡ್ಡ ಬೆಳಕಿನಲ್ಲಿ ಎಸ್0 ಕುಗ್ಗುತ್ತದೆ, ಎಸ್1 ಹಿಗ್ಗುತ್ತದೆ, ಅನುಪಾತ ಎರಡು ಕಡೆಯಿಂದಲೂ ಮೇಲೇರುತ್ತದೆ. ಓರೆ ಬೆಳಕಿನಲ್ಲಿ ಎಸ್2 ಮಾತ್ರ ಹಿಗ್ಗುತ್ತದೆ. ಲಂಬ ಬೆಳಕಿನಲ್ಲಿ ಎಸ್0 ಮತ್ತು ಎಸ್1 ಎರಡೂ ಸಮನಾಗಿ ಹಿಗ್ಗಿ ಅನುಪಾತ 1ರಲ್ಲೇ ಉಳಿಯುತ್ತದೆ. ಲಂಬದ ಅಳತೆ ಸರಿಯಾಗಿ ಕಂಡದ್ದು ಉಪಕರಣ ಸರಿಯಿದ್ದುದರಿಂದಲ್ಲ.

ರಿಟಾರ್ಡೆನ್ಸನ್ನು ಅಳೆಯಲು ಹೊಸ ಉಪಕರಣ ಬೇಡ. ಅಡ್ಡ ಬೆಳಕಿನಲ್ಲಿ ಸಿಯನ್ನು ಎಯಿಂದ ಭಾಗಿಸಿ. ಆ ಅನುಪಾತವನ್ನು ಅ ಎಂದರೆ ರಿಟಾರ್ಡೆನ್ಸಿನ ಕೊಸೈನ್ (1 − 3ಅ) ÷ (1 + ಅ). ಸರಿಯಾದ ಪ್ಲೇಟಿಗೆ ಅ 0.333 ಬರಬೇಕು. ಬಂದದ್ದು 0.353. ಕೊಸೈನ್ −0.0436, ರಿಟಾರ್ಡೆನ್ಸ್ 92.5 ಡಿಗ್ರಿ. ಪ್ಲೇಟಿನ ಅಂಚನ್ನು ನೋಡಿದರೆ ಅಲ್ಲಿ ಬರೆದಿದ್ದುದು 650 ನ್ಯಾನೋಮೀಟರ್. ಮೊದಲು ಪ್ರಾಜೆಕ್ಟಿನಲ್ಲಿ ಆ ತರಂಗಾಂತರದ ಡಯೋಡ್ ಲೇಸರ್ ಇತ್ತು, ಅದು ಕೆಟ್ಟಮೇಲೆ ಹೀಲಿಯಂ-ನಿಯಾನ್ ಬಂದಿತ್ತು. ಎರಡೂ ಕಣ್ಣಿಗೆ ಕೆಂಪೇ. 90ನ್ನು 650ರಿಂದ ಗುಣಿಸಿ 632.8ರಿಂದ ಭಾಗಿಸಿದರೆ 92.4. ಸ್ಫಟಿಕದ ಗುಣ ತರಂಗಾಂತರದೊಂದಿಗೆ ತುಸು ಬದಲಾಗುವುದನ್ನೂ ಸೇರಿಸಿದರೆ ಅಳತೆ ಮತ್ತು ಲೆಕ್ಕ ಹೊಂದುತ್ತವೆ.

ಈ ಹೆಜ್ಜೆಯನ್ನು ಕೊನೆಗೆ ಇಟ್ಟದ್ದಕ್ಕೆ ಕಾರಣ ಈಗ ಸ್ಪಷ್ಟ. ಕತ್ತರಿಸಿದ ತುದಿಗಳಿದ್ದಾಗಲೇ ಅ ಅಳೆದಿದ್ದರೆ ಅದು ಸುಮಾರು 0.342 ಬಂದು ರಿಟಾರ್ಡೆನ್ಸ್ 91ರ ಹತ್ತಿರ ಎಂದು ನಂಬಿಬಿಡುತ್ತಿದ್ದರು. ಪೋಲರೈಸರಿನ ಗುಣಮಟ್ಟವೂ ಇಲ್ಲಿ ಮುಖ್ಯ. ಅಡ್ಡಹಾಕಿದಾಗ ಮತ್ತು ಹೊಂದಿಸಿದಾಗ ದಾಟುವ ಬೆಳಕಿನ ಅನುಪಾತ 1:1500 ಇದ್ದುದರಿಂದ ಚಿಂತೆಯಿರಲಿಲ್ಲ. 1:300ರ ಅಗ್ಗದ ಹಾಳೆಗಳಾಗಿದ್ದರೆ ರಿಟಾರ್ಡೆನ್ಸಿನಲ್ಲಿ 0.2 ಡಿಗ್ರಿ ತಪ್ಪುತ್ತಿತ್ತು.

ಹೊಸ ಪ್ಲೇಟು ಕೊಳ್ಳಬೇಕೇ? ಬೇಕಿಲ್ಲ. 90 ಡಿಗ್ರಿಗೆ ಅಂಥ ಮಹಿಮೆಯೇನೂ ಇಲ್ಲ, ಸೂತ್ರ ಸರಳವಾಗುತ್ತದೆ ಅಷ್ಟೆ. ನಾಲ್ಕೇ ಕೋನಗಳಲ್ಲಿ ಅಳೆಯುವ ಪೋಲಾರಿಮೀಟರಿಗೆ ಗದ್ದಲ ಎಲ್ಲ ಸಂಖ್ಯೆಗಳಿಗೂ ಚೆನ್ನಾಗಿ ಹಂಚಿಹೋಗುವುದು 132 ಡಿಗ್ರಿಯ ಪ್ಲೇಟಿನಲ್ಲಿ. 92.5 ಎಂದು ಖಚಿತವಾಗಿ ಗೊತ್ತಿರುವ ಪ್ಲೇಟು, 90 ಎಂದು ಬರೆದಿರುವ ಆದರೆ ಪರೀಕ್ಷಿಸದ ಪ್ಲೇಟಿಗಿಂತ ಎಷ್ಟೋ ಮೇಲು. ಪ್ರೋಗ್ರಾಮಿನಲ್ಲಿ ನಾಲ್ಕು ಸಾಲು ಬದಲಾದವು: ಎಸ್0 = ಎ − 0.916ಸಿ, ಎಸ್1 = 1.916ಸಿ, ಎಸ್2 = 1.916ಡಿ, ಎಸ್3 = ಬಿ ÷ 0.999. ಹಲವು ಬಣ್ಣಗಳಲ್ಲಿ ಅಳೆಯಬೇಕಿದ್ದರೆ ಮಾತ್ರ ಬೇರೆ ಪ್ಲೇಟು ಬೇಕಾಗುತ್ತಿತ್ತು, ಬೆಂಗಳೂರಿನಲ್ಲಿ ಎಸ್. ಪಂಚರತ್ನಂ ಅವರು 1955ರಲ್ಲಿ ಪ್ರಕಟಿಸಿದ, ಮೂರು ಪ್ಲೇಟುಗಳನ್ನು ಕೋನದಲ್ಲಿ ಜೋಡಿಸಿ ಬಣ್ಣದ ಅವಲಂಬನೆಯನ್ನು ತಗ್ಗಿಸುವ ವಿಧಾನ ಇಂದಿಗೂ ಅದಕ್ಕೆ ಒಳ್ಳೆಯ ದಾರಿ.

ಪಟ್ಟಿಯನ್ನು ಮತ್ತೆ ಇಟ್ಟಾಗ

ತಿದ್ದಿದ ಉಪಕರಣದಲ್ಲಿ ಮೂರು ದಿಕ್ಕುಗಳ ಧ್ರುವೀಕರಣ ಪ್ರಮಾಣವೂ 0.995 ಮತ್ತು 1.005ರ ನಡುವೆ ನಿಂತಿತು, ಎಸ್3 0.005ರೊಳಗೆ ಬಂದಿತು. ಆರ್ಡುಯಿನೊದ ಹತ್ತು ಬಿಟ್ಟಿನ ಬದಲು ಎಡಿಎಸ್1115 ಎಂಬ ಹದಿನಾರು ಬಿಟ್ಟಿನ ಚಿಪ್ ಹಾಕಿದ್ದೂ ನೆರವಾಯಿತು, ಆದರೆ ಅದನ್ನೇ ಮೊದಲು ಹಾಕಿದ್ದರೆ 1.04 ಎಂಬ ತಪ್ಪು ಉತ್ತರಕ್ಕೆ ಇನ್ನೆರಡು ದಶಮಾಂಶ ಸೇರುತ್ತಿದ್ದವು, ಅಷ್ಟೇ.

ಪ್ರತಿದಿನದ ಕೆಲಸಕ್ಕೆ ಮುನ್ನ ಅಡ್ಡ, 45 ಡಿಗ್ರಿ, ಲಂಬ ಮೂರನ್ನೂ ಖಾಲಿ ಕಿರಣದಲ್ಲಿ ಅಳೆದು, ಒಂದನೆಯ, ಆರನೆಯ, ಎಂಟನೆಯ ಹಾರ್ಮೋನಿಕ್‌ಗಳನ್ನು ಪುಸ್ತಕದಲ್ಲಿ ಬರೆಯುವುದು ಈಗಿನ ಪದ್ಧತಿ. ಯಾವುದಾದರೂ ಸರಾಸರಿಯ ಶೇ. 0.2 ದಾಟಿದರೆ ಅಳತೆ ಮುಂದುವರಿಸುವುದಿಲ್ಲ. ಕರೆಂಟು ಹೋಗಿ ಬಂದಾಗ ಲೇಸರ್ ಮತ್ತೆ ಬಿಸಿಯಾಗುವವರೆಗೆ ಕಾಯುವುದೂ ಇದರಲ್ಲಿ ಸೇರಿದೆ.

ಅಕ್ರಿಲಿಕ್ ಪಟ್ಟಿಯ ಒತ್ತಡದ ಅಕ್ಷಕ್ಕೆ 45 ಡಿಗ್ರಿಯಲ್ಲಿ ಬೆಳಕು ಬಿಟ್ಟರೆ ಎಸ್2 ಪಟ್ಟಿಯ ರಿಟಾರ್ಡೆನ್ಸಿನ ಕೊಸೈನ್, ಎಸ್3 ಅದರ ಸೈನ್, ಎಸ್1 ಸೊನ್ನೆ. ಹಳೆಯ ಸೂತ್ರದಲ್ಲಿ ವೇವ್‌ಪ್ಲೇಟಿನ ತಪ್ಪೊಂದೇ ಈ ಕೋನವನ್ನು 1.2 ಡಿಗ್ರಿಯವರೆಗೆ ಕೆಡಿಸುತ್ತಿತ್ತು. ಗುರಿಯೇ ಒಂದು ಡಿಗ್ರಿ. ಈಗ ಎಸ್1 ಕೂಡ ಉಪಯೋಗಕ್ಕೆ ಬಂದಿದೆ. ಹಿಡಿಕೆಯ ತಿರುಪನ್ನು ಬಿಗಿಗೊಳಿಸಿದಾಗ ಅದು ಸೊನ್ನೆಯಿಂದ 0.06ಕ್ಕೆ ಏರುತ್ತದೆ, ಅಂದರೆ ಹಿಡಿಕೆಯೇ ಪಟ್ಟಿಗೆ ಓರೆಯಾದ ಒತ್ತಡ ಕೊಡುತ್ತಿದೆ. ತಿರುಪನ್ನು ಬೆರಳಿನಿಂದ ಬಿಗಿಯುವಷ್ಟಕ್ಕೆ ನಿಲ್ಲಿಸಿ, ಹಿಡಿಕೆಗೂ ಪಟ್ಟಿಗೂ ನಡುವೆ ತೆಳು ರಬ್ಬರ್ ಇಟ್ಟರೆ ಎಸ್1 0.01ರ ಕೆಳಗೆ ಬರುತ್ತದೆ. ಕಾರ್ಖಾನೆಯಿಂದ ಬರುವಾಗಲೇ ಅಕ್ರಿಲಿಕ್ಕಿನಲ್ಲಿರುವ ಒತ್ತಡವನ್ನು ಭಾರವಿಲ್ಲದೆ ಅಳೆದು ಕಳೆಯಬಹುದು. ಆದರೆ ಅದರ ಅಕ್ಷ, ಭಾರ ಹೇರಿದಾಗಿನ ಅಕ್ಷ ಎರಡೂ ಒಂದೇ ಆಗಿದ್ದರೆ ಮಾತ್ರ ಹಾಗೆ ನೇರವಾಗಿ ಕಳೆಯಬಹುದು. ಭಾರವಿಲ್ಲದ ಪಟ್ಟಿಯಲ್ಲೂ ಎಸ್1 ಸೊನ್ನೆಯಲ್ಲದಿದ್ದರೆ ಅಕ್ಷಗಳು ಬೇರೆಯಾಗಿವೆ. ಅಂಥ ಪಟ್ಟಿಯನ್ನು ಬದಿಗಿಟ್ಟು, ಹಾಳೆಯ ನಡುಭಾಗದಿಂದ ಇನ್ನೊಂದನ್ನು ಕತ್ತರಿಸಿಕೊಳ್ಳಬೇಕು.